ಕಾಲೇಜಿನ ಬ್ಯಾಂಕಿಂಗ್ ಸಂಘ: ದೀಪ ಹಚ್ಚುವ ಮೊದಲು ಆರು ಸಭೆ ನಡೆಯಲಿ

ಮಾನ್ಯರೇ,

ಕಾಲೇಜುಗಳು ತೆರೆದ ಮೇಲೆ ನಿಮ್ಮ ಸ್ಥಳೀಯ ಪುಟದಲ್ಲಿ ದಿನ ಬಿಟ್ಟು ದಿನವೆಂಬಂತೆ ಒಂದು ಚಿತ್ರ ಬರುತ್ತದೆ. ವೇದಿಕೆಯಲ್ಲಿ ಐದಾರು ಮಂದಿ, ನಡುವೆ ಕಾಲುದೀಪ, ಕೆಳಗೆ ಯಾವುದೋ ವಿದ್ಯಾರ್ಥಿ ಸಂಘದ ಉದ್ಘಾಟನೆ ಎಂಬ ಅಡಿಬರಹ. ಅದೇ ಸಂಘದ ನಾಲ್ಕನೇ ಸಭೆಯ ಸುದ್ದಿ ಎಲ್ಲೂ ಕಾಣುವುದಿಲ್ಲ. ಎಷ್ಟೋ ಕಡೆ ನಾಲ್ಕನೇ ಸಭೆ ನಡೆದಿರುವುದೇ ಇಲ್ಲ. ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ವಾಣಿಜ್ಯ ಕಲಿಯುವ ಮಕ್ಕಳು ಬ್ಯಾಂಕಿಂಗ್, ಸಹಕಾರಿ ಲೇವಾದೇವಿಯ ಬಗ್ಗೆ ತಮ್ಮದೇ ಸಂಘ ಕಟ್ಟಿಕೊಳ್ಳಬೇಕು, ಕಟ್ಟಿದ್ದು ಮೂರು ವರ್ಷವಾದರೂ ಉಳಿಯಬೇಕು ಎಂಬ ಆಸೆಯಿಂದ, ಅದಕ್ಕೆ ಏನೇನು ಬೇಕು, ಎಲ್ಲೆಲ್ಲಿ ಮುರಿಯುತ್ತದೆ ಎಂಬುದನ್ನು ಬರೆಯುತ್ತಿದ್ದೇವೆ.

ಈ ವಿಷಯವೇ ಯಾಕೆಂದರೆ, ಇದು ನಮ್ಮ ಊರಿನ ವೃತ್ತಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಅದು ಇಂದಿನ ಕೆನರಾ ಬ್ಯಾಂಕ್. 1924ಕ್ಕೆ ಕರ್ಣಾಟಕ ಬ್ಯಾಂಕ್. 1925ಕ್ಕೆ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ತೆರೆದ ಸಿಂಡಿಕೇಟ್. 1931ಕ್ಕೆ ಮಂಗಳೂರಿನಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದ ವಿಜಯಾ ಬ್ಯಾಂಕ್. ಇವುಗಳಲ್ಲಿ ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಒಂದು ವರ್ಷ ಕಳೆದು ಅದೇ ದಿನ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿಹೋದವು. ಐದರಲ್ಲಿ ಇಂದು ಕೇಂದ್ರ ಕಚೇರಿ ಕರಾವಳಿಯಲ್ಲೇ ಇರುವುದು ಕರ್ಣಾಟಕ ಬ್ಯಾಂಕಿನದ್ದು ಮಾತ್ರ. ಹಿಂದೆ ಮನೆಗೊಬ್ಬ ಮಾವನೋ ಚಿಕ್ಕಪ್ಪನೋ ಬ್ಯಾಂಕಿನಲ್ಲಿ ಇರುತ್ತಿದ್ದರು. ಊಟಕ್ಕೆ ಕೂತಾಗಿನ ಮಾತಿನಲ್ಲೇ ಮಕ್ಕಳಿಗೆ ಅರ್ಧ ಬ್ಯಾಂಕಿಂಗ್ ಗೊತ್ತಾಗುತ್ತಿತ್ತು. ಆ ತಿಳಿವಳಿಕೆ ಈಗ ನಿವೃತ್ತರ ಮನೆಗಳಲ್ಲೂ ಊರೂರಿನ ಸಹಕಾರಿ ಸೊಸೈಟಿಗಳಲ್ಲೂ ಉಂಟು. ಅದನ್ನು ತರಗತಿಯ ಮಕ್ಕಳ ಕೈಗೆ ತಲುಪಿಸಲು ಸಂಘಕ್ಕಿಂತ ಒಳ್ಳೆಯ ದಾರಿ ನಮಗೆ ಕಾಣುತ್ತಿಲ್ಲ.

ಮೊದಲನೆಯ ಪ್ರಶ್ನೆ, ಯಾರು ಆರಂಭಿಸಬೇಕು ಎಂಬುದು. ಸಾಮಾನ್ಯವಾಗಿ ಅಂತಿಮ ಪದವಿಯವರು ಮುಂದೆ ಬರುತ್ತಾರೆ. ಅವರಿಗೆ ಧೈರ್ಯ ಉಂಟು, ಪ್ರಾಂಶುಪಾಲರ ಕೋಣೆಗೆ ಹೋಗಿ ಮಾತಾಡುವ ಅಭ್ಯಾಸ ಉಂಟು. ಆದರೆ ಐದನೇ ಸೆಮಿಸ್ಟರಿನಲ್ಲಿ ಕಟ್ಟಿದ ಸಂಘಕ್ಕೆ ನಾಲ್ಕೈದು ತಿಂಗಳ ಆಯುಸ್ಸು. ಆರನೇ ಸೆಮಿಸ್ಟರಿನಲ್ಲಿ ಅವರಿಗೆ ಪ್ರಾಜೆಕ್ಟ್, ಕ್ಯಾಂಪಸ್ ಸಂದರ್ಶನ, ಪ್ರವೇಶ ಪರೀಕ್ಷೆ. ಹಾಗಾಗಿ ಮೂರನೇ ಸೆಮಿಸ್ಟರಿನವರು ಕಟ್ಟಲಿ. ಏಳು ಮಂದಿ ಸಾಕು: ಎರಡನೇ ವರ್ಷದವರು ನಾಲ್ವರು, ಮೊದಲ ವರ್ಷದವರು ಇಬ್ಬರು, ಅಂತಿಮ ವರ್ಷದವರು ಒಬ್ಬರು. ಅಂತಿಮ ವರ್ಷದವರಿಗೆ ಹುದ್ದೆ ಬೇಡ, ಸಲಹೆ ಕೊಡಲಿ. ಸ್ನಾತಕೋತ್ತರ ವಿಭಾಗದಲ್ಲಿ ಇರುವುದೇ ನಾಲ್ಕು ಸೆಮಿಸ್ಟರ್. ಅಲ್ಲಿ ಮೊದಲ ಸೆಮಿಸ್ಟರಿನ ಎರಡನೇ ತಿಂಗಳಲ್ಲೇ ಶುರು ಮಾಡದಿದ್ದರೆ ತಡವಾದಂತೆ.

ಪ್ರಾಂಶುಪಾಲರಿಗೆ ಕೊಡುವ ಮನವಿ ಒಂದು ಪುಟ ಮೀರಬಾರದು. ಸಂಘದ ಹೆಸರು, ಎರಡು ವಾಕ್ಯದಲ್ಲಿ ಉದ್ದೇಶ, ಏಳು ಮಂದಿಯ ಹೆಸರು ಮತ್ತು ನೋಂದಣಿ ಸಂಖ್ಯೆ, ಬೇಕಾದ ಕೋಣೆ, ವಾರ, ಗಂಟೆ, ಹಣ ಎಲ್ಲಿಂದ, ಮೊದಲ ಆರು ಸಭೆಗಳ ವಿಷಯ. ಸಲಹೆಗಾರರಾಗಲು ಒಪ್ಪಿದ ಅಧ್ಯಾಪಕರ ಸಹಿ ಅದರಲ್ಲೇ ಇರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಇದನ್ನು ಮರೆತವರೇ ಹೆಚ್ಚು. ಮರುವರ್ಷ ಪ್ರಾಂಶುಪಾಲರು ಬದಲಾದರೆ ಹೊಸಬರ ಮುಂದೆ ತೋರಿಸಲು ಆ ಪ್ರತಿಯೊಂದೇ ದಾಖಲೆ. ಆರು ವಿಷಯಗಳ ಪಟ್ಟಿಯನ್ನು ಬಿಡಬೇಡಿ: ಅದು ಇದ್ದರೆ ಮನವಿಗೆ ಬೇಗ ಸಹಿ ಬೀಳುತ್ತದೆ, ಏಕೆಂದರೆ ಓದುವವರಿಗೆ ಈ ಮಕ್ಕಳು ಏನು ಮಾಡಹೊರಟಿದ್ದಾರೆ ಎಂದು ಕಣ್ಣಿಗೆ ಕಾಣುತ್ತದೆ.

ಸಲಹೆಗಾರರು ಇಬ್ಬರಿರಲಿ. ಸರ್ಕಾರಿ ಕಾಲೇಜಿನಲ್ಲಿ ಖಾಯಂ ಅಧ್ಯಾಪಕರಿಗೆ ವರ್ಗಾವಣೆ ಆಗುತ್ತದೆ. ಅತಿಥಿ ಉಪನ್ಯಾಸಕರಿಗೆ ಮುಂದಿನ ಅವಧಿಗೆ ನೇಮಕ ಸಿಗುತ್ತದೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಉತ್ಸಾಹ ಮಾತ್ರ ಹೆಚ್ಚಾಗಿ ಅತಿಥಿ ಉಪನ್ಯಾಸಕರಲ್ಲೇ ಕಾಣುತ್ತದೆ. ಖಾಯಂ ಇರುವವರ ಹೆಸರಿನಲ್ಲಿ ಕಾಗದಪತ್ರ, ಅತಿಥಿ ಉಪನ್ಯಾಸಕರ ಜೊತೆ ವಾರದ ಕೆಲಸ ಎಂದು ಹಂಚಿಕೊಂಡರೆ ಯಾರು ಹೋದರೂ ಸಂಘ ನಿಲ್ಲುವುದಿಲ್ಲ.

ಬೈಲಾ ಎಂದು ಯಾರೋ ಬೇರೆ ಸಂಸ್ಥೆಯ ಹನ್ನೆರಡು ಪುಟ ತಂದು ಹೆಸರು ಬದಲಿಸುತ್ತಾರೆ. ಅದರಲ್ಲಿ ಗೌರವಾಧ್ಯಕ್ಷ, ಉಪಾಧ್ಯಕ್ಷರು ಮೂವರು, ಸಂಘಟನಾ ಕಾರ್ಯದರ್ಶಿ ಎಂದೆಲ್ಲ ಇರುತ್ತದೆ. ಹುದ್ದೆ ತುಂಬುವುದರಲ್ಲೇ ಎರಡು ಸಭೆ ಮುಗಿಯುತ್ತದೆ. ಸಂಚಾಲಕ, ಕಾರ್ಯದರ್ಶಿ, ಖಜಾಂಚಿ, ಪ್ರತಿಯೊಬ್ಬರಿಗೂ ಕಿರಿಯ ವರ್ಷದ ಒಬ್ಬ ಜೊತೆಗಾರ, ಇಷ್ಟು ಸಾಕು. ಮೂರನೇ ಒಂದು ಭಾಗ ಸದಸ್ಯರು ಬಂದರೆ ಕೋರಂ. ಐನೂರು ರೂಪಾಯಿ ಮೀರಿದ ಖರ್ಚಿಗೆ ಸಭೆಯ ಒಪ್ಪಿಗೆ. ಸತತ ಮೂರು ಸಭೆಗೆ ಬಾರದವರ ಹೆಸರು ತಾನಾಗಿ ಹೋಗುತ್ತದೆ. ಇಂಥ ಏಳೆಂಟು ನಿಯಮ ಒಂದೇ ಹಾಳೆಯಲ್ಲಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಮಂದಿ ಸೇರಿದರೆ ನೋಂದಣಿಯೂ ಸಾಧ್ಯ ಎಂದು ಕೆಲವರು ಹುರಿದುಂಬಿಸುತ್ತಾರೆ. ಕಾಲೇಜಿನ ಒಳಗಿನ ಸಂಘಕ್ಕೆ ಅದು ಬೇಡ. ನೋಂದಣಿ ಮಾಡಿದರೆ ಪ್ರತಿವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಸಹಿ ಹಾಕಿದ ಮಕ್ಕಳು ಅಷ್ಟರೊಳಗೆ ಬೆಂಗಳೂರಿಗೋ ಕೊಲ್ಲಿಗೋ ಹೋಗಿರುತ್ತಾರೆ.

ಇನ್ನು ದಿನ, ಗಂಟೆ. ಸೆಮಿಸ್ಟರಿಗೆ ಹದಿನಾರು ವಾರ ಎಂದು ಲೆಕ್ಕ ಹಾಕುವುದು ಕಾಗದದ ಮೇಲೆ ಸರಿ. ಅದರಲ್ಲಿ ಎರಡು ಆಂತರಿಕ ಪರೀಕ್ಷೆಯ ವಾರ ಕಳೆಯಿರಿ. ಜುಲೈಯಲ್ಲಿ ಜಿಲ್ಲಾಧಿಕಾರಿ ಘೋಷಿಸುವ ಮಳೆ ರಜೆ ಯಾವ ದಿನ ಬೀಳುತ್ತದೆಂದು ಹಿಂದಿನ ಸಂಜೆಯವರೆಗೆ ತಿಳಿಯದು. ಆಮೇಲೆ ಅಷ್ಟಮಿ, ಚೌತಿ, ದಸರಾ; ಪ್ರತಿಭಾ ದಿನದ ತಯಾರಿ; ಎನ್‌ಎಸ್‌ಎಸ್ ಶಿಬಿರದ ಏಳು ದಿನ; ಕೊನೆಯ ಎರಡು ವಾರ ಯಾರೂ ಕೈಗೆ ಸಿಗುವುದಿಲ್ಲ. ಉಳಿಯುವುದು ಎಂಟೊಂಬತ್ತು ವಾರ. ವಾರಕ್ಕೊಂದು ಸಭೆ ಎಂದು ಘೋಷಿಸಿದ ಸಂಘ ಎರಡು ಸಭೆ ತಪ್ಪಿದ ಕೂಡಲೇ ಸೋತಂತೆ ಕಾಣುತ್ತದೆ. ಆರೇ ಸಭೆ ಎಂದು ಹೇಳಿ ಆರನ್ನೂ ನಡೆಸಿ. ಮಳೆ ರಜೆಗೆ ಸಿಕ್ಕಿದ ಸಭೆ ಮುಂದಿನ ವಾರ ಅದೇ ದಿನ, ಅದೇ ಗಂಟೆಗೆ. ಹೊಸ ದಿನ ಹುಡುಕಲು ಹೋದರೆ ಅರ್ಧ ಜನ ತಪ್ಪಿಹೋಗುತ್ತಾರೆ.

ಸಂಜೆ ನಾಲ್ಕರ ನಂತರ ಸಭೆ ಇಡಬೇಡಿ. ಕೊಣಾಜೆಯಿಂದ ಮಂಗಳೂರಿಗೆ ಬಂದು ಅಲ್ಲಿಂದ ಬಂಟ್ವಾಳದ ಕಡೆ ಹೋಗಬೇಕಾದವರು, ಉಡುಪಿಯಿಂದ ಹೆಬ್ರಿ, ಬೈಂದೂರಿನ ಒಳ ಊರುಗಳಿಗೆ ಮರಳಬೇಕಾದವರು ಗಡಿಯಾರ ನೋಡುತ್ತಲೇ ಕೂತಿರುತ್ತಾರೆ. ಒಳರಸ್ತೆಯ ಬಸ್ಸು ತಪ್ಪಿದರೆ ಮುಂದಿನದು ಒಂದು ಗಂಟೆ ಕಳೆದೇ. ಹೆಣ್ಣುಮಕ್ಕಳು ಮೊದಲು ಕಡಿಮೆಯಾಗುತ್ತಾರೆ, ಅದನ್ನು ನಾವು ನಿರಾಸಕ್ತಿ ಎಂದು ತಪ್ಪು ತಿಳಿಯುತ್ತೇವೆ. ವೇಳಾಪಟ್ಟಿಯಲ್ಲಿ ಗ್ರಂಥಾಲಯಕ್ಕೆ ಬಿಟ್ಟ ಗಂಟೆಯೋ ಶನಿವಾರದ ಕೊನೆಯ ಗಂಟೆಯೋ ಸಿಕ್ಕಿದರೆ ಐವತ್ತು ನಿಮಿಷ ಸಾಕು.

ಆ ಐವತ್ತು ನಿಮಿಷದಲ್ಲಿ ಏನು? ಸಂಘ ಬದುಕುವುದೂ ಸಾಯುವುದೂ ಇಲ್ಲೇ. ಆದ್ದರಿಂದ ಒಂದು ಸಭೆಯನ್ನು ಪೂರ್ತಿಯಾಗಿ ಬಿಡಿಸಿ ಹೇಳುತ್ತೇವೆ. ವಿಷಯ: "ಶೇಕಡಾ ಹನ್ನೆರಡು ಬಡ್ಡಿ" ಎಂದರೆ ಎಷ್ಟು ಬಡ್ಡಿ? ಬೋರ್ಡಿನ ನಡುವೆ ಒಂದು ಗೆರೆ. ಎರಡೂ ಕಡೆ ಒಂದು ಲಕ್ಷ ಸಾಲ, ಹನ್ನೆರಡು ತಿಂಗಳ ಕಂತು, ಶೇ. 12. ಎಡಗಡೆ ಫ್ಲಾಟ್ ದರ, ಅಂದರೆ ಕಂತು ಕಟ್ಟುತ್ತಾ ಹೋದರೂ ಪೂರ್ತಿ ಒಂದು ಲಕ್ಷಕ್ಕೇ ಬಡ್ಡಿ: ವರ್ಷದ ಬಡ್ಡಿ 12,000, ಒಟ್ಟು 1,12,000, ತಿಂಗಳ ಕಂತು 9,333. ಬಲಗಡೆ ಬಾಕಿ ಇಳಿದಂತೆ ಬಡ್ಡಿ: ಕಂತು 8,885. ಮೊದಲ ತಿಂಗಳು ಬಡ್ಡಿ 1,000, ಅಸಲಿಗೆ 7,885, ಬಾಕಿ 92,115. ಎರಡನೇ ತಿಂಗಳು ಬಡ್ಡಿ 921, ಅಸಲಿಗೆ 7,964, ಬಾಕಿ 84,151. ಹೀಗೆ ಹನ್ನೆರಡು ಸಾಲನ್ನೂ ಮಕ್ಕಳೇ ಒಬ್ಬೊಬ್ಬರಾಗಿ ಎದ್ದು ಬಂದು ಬರೆಯಬೇಕು. ಕೊನೆಯಲ್ಲಿ ಬಲಗಡೆಯ ಒಟ್ಟು ಬಡ್ಡಿ ಸುಮಾರು 6,620. ಎಡಗಡೆಯದು ಹೆಚ್ಚುಕಡಿಮೆ ಅದರ ಎರಡರಷ್ಟು. ಎಡಗಡೆಯ ಕಂತನ್ನು ಬಾಕಿ ಇಳಿಯುವ ಲೆಕ್ಕಕ್ಕೆ ತಂದರೆ ದರ ಶೇ. 21.5ರ ಹತ್ತಿರ ಬರುತ್ತದೆ. ಗೆರೆಯ ಎರಡು ಬದಿಗೂ ಬರೆದದ್ದು ಅದೇ ಹನ್ನೆರಡು. ಸ್ಕೂಟರ್ ಸಾಲ, ಮೊಬೈಲ್ ಸಾಲ ಮಾಡಿದ ಮನೆಯ ಹುಡುಗ ಅಥವಾ ಹುಡುಗಿ ಆ ಬೋರ್ಡನ್ನು ನೋಡಿದ ಮೇಲೆ ಮನೆಗೆ ಹೋಗಿ ಸಾಲದ ಕಾಗದ ತೆಗೆದು ನೋಡದೆ ಇರುವುದಿಲ್ಲ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯ ತರಬೇತಿ ಬೇರೆ, ಇದು ಬೇರೆ. ಸಂಘವನ್ನು ತರಬೇತಿ ಕೇಂದ್ರ ಮಾಡಿದರೆ ಪರೀಕ್ಷೆ ಬರೆಯದವರು ಮೊದಲ ತಿಂಗಳಲ್ಲೇ ಬಿಟ್ಟುಹೋಗುತ್ತಾರೆ.

ಈ ಸಭೆ ಕೆಡುವುದು ಒಂದೇ ಕಾರಣಕ್ಕೆ: ಲೆಕ್ಕವನ್ನು ಮೊದಲೇ ಪಿಪಿಟಿ ಮಾಡಿ ತಂದು ತೋರಿಸುವುದು. ಹನ್ನೆರಡೂ ಸಾಲು ಒಟ್ಟಿಗೆ ಕಂಡರೆ ಯಾರೂ ಲೆಕ್ಕ ಮಾಡುವುದಿಲ್ಲ. ಸೀಮೆಸುಣ್ಣ ಮಕ್ಕಳ ಕೈಯಲ್ಲಿರಲಿ.

ಎರಡನೆಯ ಸಾಮಗ್ರಿ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಹೇಳಿ ಮಾಡಿಸಿದ್ದು: ಸೊಸೈಟಿಗಳ ಮಹಾಸಭೆಯ ವರದಿ ಪುಸ್ತಿಕೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಸದಸ್ಯರಿರುವ ಮನೆಗಳಿಗೆ ಅದು ಬರುತ್ತದೆ. ಕನ್ನಡದಲ್ಲೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಹೆಚ್ಚಿನ ಮನೆಗಳಲ್ಲಿ ಡಿವಿಡೆಂಡ್ ಎಷ್ಟು ಎಂದು ನೋಡಿ ಪಕ್ಕಕ್ಕಿಡುತ್ತಾರೆ. ಸಂಘಕ್ಕೆ ಸೇರಬೇಕಾದರೆ ಮನೆಯಿಂದಲೋ ನೆರೆಯಿಂದಲೋ ಒಂದು ಪುಸ್ತಿಕೆ ತರಬೇಕು ಎಂಬ ಷರತ್ತು ಇಡಿ. ಸುಮ್ಮನೆ ಹೆಸರು ಕೊಡುವವರು ಅಲ್ಲೇ ನಿಲ್ಲುತ್ತಾರೆ, ಸಂಘಕ್ಕೆ ಮೂವತ್ತು ಪುಸ್ತಿಕೆಗಳ ಗ್ರಂಥಾಲಯವೂ ಆಗುತ್ತದೆ.

ಓದುವುದು ಹೇಗೆ? ಮೊದಲು ಆಸ್ತಿ ಮತ್ತು ಜವಾಬ್ದಾರಿ ತಖ್ತೆಯಲ್ಲಿ ಪಾಲು ಬಂಡವಾಳ, ಠೇವಣಿ, ಸದಸ್ಯರ ಸಾಲ ಬಾಕಿ ಎಂಬ ಮೂರು ಅಂಕಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಅನಂತರ ಸುಸ್ತಿ ಸಾಲ, ಅಂದರೆ ಗಡುವು ಮೀರಿಯೂ ಬಾರದೆ ಉಳಿದದ್ದು, ಹುಡುಕಿ. ಇಲ್ಲಿ ಎರಡು ಶೇಕಡಾವಾರುಗಳು ಮಕ್ಕಳನ್ನು ಗೊಂದಲಕ್ಕೆ ಕೆಡವುತ್ತವೆ. ಉದಾಹರಣೆಗೆ, ವರ್ಷದಲ್ಲಿ ಬರಬೇಕಾಗಿದ್ದ ಕಂತು 20 ಕೋಟಿ, ಬಂದದ್ದು 19.20 ಕೋಟಿ. ವಸೂಲಾತಿ ಶೇ. 96. ಬಾರದೆ ಉಳಿದದ್ದು 80 ಲಕ್ಷ. ಒಟ್ಟು ಸಾಲ ಬಾಕಿ 40 ಕೋಟಿ ಇದ್ದರೆ ಸುಸ್ತಿ ಶೇ. 2. ಎರಡೂ ಸರಿ, ಎರಡೂ ಒಂದೇ ಸೊಸೈಟಿಯದ್ದು, ಛೇದ ಮಾತ್ರ ಬೇರೆ. ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ಕೇಳುವ ಅಭ್ಯಾಸ ಬಂದರೆ ಅರ್ಧ ವೃತ್ತಿ ಕಲಿತಂತೆ. ಇನ್ನೊಂದು ಸೂಕ್ಷ್ಮ: ಬೆಳೆ ಸಾಲವನ್ನು ಮಾರ್ಚ್ ಕೊನೆಗೆ ಕಟ್ಟಿ ಏಪ್ರಿಲಿನಲ್ಲಿ ಮತ್ತೆ ತೆಗೆಯುವ ರೂಢಿ ನಮ್ಮಲ್ಲಿ ಉಂಟು. ಹಾಗಾಗಿ ಮಾರ್ಚ್ 31ರ ಅಂಕಿ ವರ್ಷದಲ್ಲೇ ಅತ್ಯಂತ ಸ್ವಚ್ಛವಾಗಿ ಕಾಣುವ ಅಂಕಿ ಎಂಬುದು ಮಕ್ಕಳ ಗಮನಕ್ಕೆ ಬರಬೇಕು. ಕೊನೆಗೆ ಲೆಕ್ಕಪರಿಶೋಧಕರ ವರ್ಗೀಕರಣ 'ಎ' ಯೋ 'ಬಿ' ಯೋ ನೋಡಿ, ಮೂರು ವರ್ಷದ ಪುಸ್ತಿಕೆ ಒಟ್ಟಿಗಿಟ್ಟು ಹೋಲಿಸಿ.

ಇದೇ ಸಭೆಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿ ಠೇವಣಿ ವಿಮೆ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ ಐದು ಲಕ್ಷ ರೂಪಾಯಿವರೆಗೆ ವಿಮೆ ಉಂಟು; ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯ. ಪತ್ತಿನ ಸಹಕಾರಿ ಸಂಘಗಳಿಗೆ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ಹೆಸರು ಹಲಗೆಯಲ್ಲಿ 'ಬ್ಯಾಂಕ್' ಎಂದಿದೆಯೋ 'ಸಂಘ' ಎಂದಿದೆಯೋ ನೋಡಿ ಬರುವುದನ್ನೇ ಮನೆಗೆಲಸವಾಗಿ ಕೊಡಬಹುದು.

ಎಚ್ಚರಿಕೆಯೂ ಇಲ್ಲೇ ಬೇಕು. ಪುಸ್ತಿಕೆಯ ಹೆಸರಿನ ಮೇಲೆ ಕಾಗದ ಅಂಟಿಸಿ 'ಅ', 'ಆ', 'ಇ' ಎಂದು ಗುರುತು ಹಾಕಿ ಓದಿ. ಯಾವ ಸೊಸೈಟಿಯ ಲೆಕ್ಕದ ಫೋಟೋವೂ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. "ಇಲ್ಲಿ ಸುಸ್ತಿ ಜಾಸ್ತಿಯಂತೆ" ಎಂಬ ಒಂದು ಸಾಲು ಊರೆಲ್ಲ ಸುತ್ತಿ ಮರುದಿನ ಕೌಂಟರಿನ ಮುಂದೆ ಠೇವಣಿ ಹಿಂತೆಗೆಯುವವರ ಸಾಲು ನಿಂತರೆ ಗಟ್ಟಿಯಾದ ಸೊಸೈಟಿಯೂ ಅಲುಗಾಡುತ್ತದೆ. ಏಕೆಂದರೆ ಠೇವಣಿಯ ಹಣ ತಿಜೋರಿಯಲ್ಲಿ ಕೂತಿರುವುದಿಲ್ಲ, ಸಾಲವಾಗಿ ಹೊರಗಿರುತ್ತದೆ. ಈ ನಿಯಮ ಮುರಿದವರನ್ನು ಅಂದೇ ಸಂಘದಿಂದ ಬಿಡಿಸಬೇಕು ಎಂಬಷ್ಟು ಕಟ್ಟುನಿಟ್ಟು ನಮ್ಮದು.

ಉಳಿದ ಸಭೆಗಳಿಗೆ ವಿಷಯ ಬೇಕಾದಷ್ಟು ಉಂಟು. ಒಂದು ರದ್ದಾದ ಚೆಕ್ ಹಾಳೆ ಸಾಕು: ಕೆಳಗಿನ ಪಟ್ಟಿಯಲ್ಲಿ ಆರು ಅಂಕಿಯ ಚೆಕ್ ಸಂಖ್ಯೆ, ಅದರ ಪಕ್ಕದ ಒಂಬತ್ತು ಅಂಕಿಯ ಎಂಐಸಿಆರ್ ಸಂಕೇತದಲ್ಲಿ ಮೊದಲ ಮೂರು ಊರು (ಮಂಗಳೂರಿಗೆ 575), ನಡುವಿನ ಮೂರು ಬ್ಯಾಂಕ್, ಕೊನೆಯ ಮೂರು ಶಾಖೆ. ಖಾತೆಯಿಂದ ಖಾತೆಗೆ ಹಣ ಕಳಿಸಲು ಬೇಕಾದ ಹನ್ನೊಂದು ಅಕ್ಷರದ ಶಾಖಾ ಸಂಕೇತ ಐಎಫ್‌ಎಸ್‌ಸಿಯಲ್ಲಿ ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಯಾವಾಗಲೂ ಸೊನ್ನೆ. ವಿಲೀನದ ನಂತರ ಅಜ್ಜಿಯ ಪಾಸ್‌ಬುಕ್ಕಿನ ಸಂಕೇತ ಯಾಕೆ ಬದಲಾಯಿತು ಎಂಬುದರಿಂದಲೇ ಆ ಸಭೆ ಶುರು ಮಾಡಬಹುದು. ಮತ್ತೊಂದು, ಕಮಿಷನ್ ಆಸೆಗೆ ತಮ್ಮ ಖಾತೆ, ಎಟಿಎಂ ಕಾರ್ಡ್, ಸಿಮ್ ಬೇರೆಯವರಿಗೆ ಕೊಡುವ ವಿದ್ಯಾರ್ಥಿಗಳ ಸಂಗತಿ. ವಂಚನೆಯ ಹಣ ಆ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. 1930 ಎಂಬ ಸೈಬರ್ ವಂಚನೆಯ ಸಹಾಯವಾಣಿ ಸಂಖ್ಯೆ ಪ್ರತಿಯೊಬ್ಬನ ಬಾಯಲ್ಲಿರಬೇಕು. ಈ ಸಭೆಯನ್ನು ಮೊದಲ ಸೆಮಿಸ್ಟರಿನವರಿಗೆ ತೆರೆದಿಡಿ.

ಅತಿಥಿಗಳ ಮಾತು. ನಿವೃತ್ತ ಬ್ಯಾಂಕ್ ಅಧಿಕಾರಿಗಳು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ, ಕರೆದರೆ ಪ್ರೀತಿಯಿಂದ ಬರುತ್ತಾರೆ. "ಬ್ಯಾಂಕಿಂಗ್ ಬಗ್ಗೆ ನಾಲ್ಕು ಮಾತಾಡಿ" ಎಂದು ಕರೆದರೆ ಮುಕ್ಕಾಲು ಗಂಟೆ ಸ್ಫೂರ್ತಿಯ ಭಾಷಣ ಆಗುತ್ತದೆ, ತಪ್ಪು ಕರೆದವರದ್ದು. ಹತ್ತು ದಿನ ಮೊದಲು ಮೂರು ಪ್ರಶ್ನೆ ಬರೆದು ಕಳಿಸಿ. ಸಣ್ಣ ವ್ಯಾಪಾರಿಯ ಸಾಲದ ಅರ್ಜಿ ಯಾವ ಕಾರಣಗಳಿಗೆ ತಿರಸ್ಕಾರವಾಗುತ್ತದೆ? ಚಿನ್ನದ ಸಾಲದಲ್ಲಿ ಒಡವೆಯ ತೂಕದಿಂದ ಏನೇನು ಕಳೆಯುತ್ತಾರೆ? ಸಾಲ ಕೆಡುತ್ತಿದೆ ಎಂಬ ಮೊದಲ ಸುಳಿವು ಖಾತೆಯಲ್ಲಿ ಎಲ್ಲಿ ಕಾಣುತ್ತದೆ? ಇಪ್ಪತ್ತು ನಿಮಿಷ ಅವರ ಮಾತು, ಮೂವತ್ತು ನಿಮಿಷ ಪ್ರಶ್ನೆ. ಸೆಮಿಸ್ಟರಿಗೆ ಒಬ್ಬರೇ ಅತಿಥಿ ಸಾಕು, ಮತ್ತು ಅವರು ಯಾವಾಗಲೂ ದೊಡ್ಡ ಹುದ್ದೆಯವರೇ ಆಗಬೇಕಿಲ್ಲ. ಅಂಗಡಿಯಿಂದ ಅಂಗಡಿಗೆ ಹೋಗಿ ದಿನದ ಸಣ್ಣ ಉಳಿತಾಯ ಸಂಗ್ರಹಿಸುವ ಪಿಗ್ಮಿ ಕಲೆಕ್ಟರ್ ಒಬ್ಬರನ್ನು ಕರೆಯಿರಿ. ಪಿಗ್ಮಿ ಎಂಬ ಪದ್ಧತಿಯನ್ನೇ 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯ ಲೆಕ್ಕದಲ್ಲಿ ಶುರು ಮಾಡಿದ್ದು. ಅದು ಇಂದಿಗೂ ಕೈಯಲ್ಲಿ ಸಣ್ಣ ಮೆಷಿನ್ ಹಿಡಿದು ನಮ್ಮ ಪೇಟೆಗಳಲ್ಲಿ ಓಡಾಡುತ್ತಿದೆ. ಯಾವ ದಿನ ಕಲೆಕ್ಷನ್ ಇಳಿಯುತ್ತದೆ, ಮಳೆಗಾಲದಲ್ಲಿ ಯಾವ ಅಂಗಡಿಯವರು ಮೊದಲು ನಿಲ್ಲಿಸುತ್ತಾರೆ, ಮೆಷಿನಿನ ಚೀಟಿಯನ್ನು ಶಾಖೆಯ ಖಾತೆಯ ಜೊತೆ ತಿಂಗಳಿಗೊಮ್ಮೆ ಯಾಕೆ ತಾಳೆ ನೋಡಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳಬಲ್ಲವರು ಇಲ್ಲ.

ಶಾಖೆಗೆ ಭೇಟಿ ಕೊಡುವುದಾದರೆ ಹದಿನೈದು ಮಂದಿ ಮೀರಬೇಡಿ. ಎರಡು ವಾರ ಮೊದಲೇ ಪ್ರಾಂಶುಪಾಲರ ಪತ್ರ ಶಾಖಾ ವ್ಯವಸ್ಥಾಪಕರಿಗೆ ತಲುಪಿರಲಿ. ತಿಂಗಳ ಮೊದಲ ಹತ್ತು ದಿನ, ಸೋಮವಾರ, ರಜೆಯ ಮರುದಿನ, ಮಾರ್ಚ್ ತಿಂಗಳು ಬೇಡ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ ಎಂಬುದನ್ನು ಮರೆತು ಬಸ್ಸು ಗೊತ್ತು ಮಾಡಬೇಡಿ. ಮೊಬೈಲ್ ಹೊರಗೆ.

ಸಭೆಯ ಭಾಷೆಯ ಬಗ್ಗೆ ನಮಗೆ ಬಲವಾದ ಅಭಿಪ್ರಾಯ ಉಂಟು. ನಡಾವಳಿ ಕನ್ನಡದಲ್ಲಿ, ಚರ್ಚೆ ಕನ್ನಡದಲ್ಲಿ, ತುಳುವಿನಲ್ಲಿ, ಯಾವುದರಲ್ಲಿ ಬಾಯಿ ಬರುತ್ತದೋ ಅದರಲ್ಲಿ. ಪಾರಿಭಾಷಿಕ ಪದ ಇಂಗ್ಲಿಷಿನದ್ದೇ ಇರಲಿ, ತೊಂದರೆ ಇಲ್ಲ. ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ನಿಯಮ ಮಾಡಿದ ದಿನ ಕನ್ನಡ ಮಾಧ್ಯಮದಿಂದ ಬಂದವರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಸೊಸೈಟಿಯ ಪುಸ್ತಿಕೆ ಓದಲು ಅವರೇ ಎಲ್ಲರಿಗಿಂತ ಮುಂದೆ ಇರಬೇಕಾದವರು.

ದುಡ್ಡಿನ ಲೆಕ್ಕ ಸಣ್ಣದು. ಮೂವತ್ತು ಸದಸ್ಯರು, ತಲಾ ನೂರು, ಒಟ್ಟು ಮೂರು ಸಾವಿರ. ಸಭೆಗೆ ತಲಾ ನಾಲ್ಕು ಪುಟ ಜೆರಾಕ್ಸ್, ಪುಟಕ್ಕೆ ಎರಡು ರೂಪಾಯಿ ಹಿಡಿದರೆ 240. ಆರು ಸಭೆಗೆ 1,440. ನಡಾವಳಿ ಪುಸ್ತಕ, ರಶೀದಿ ಪುಸ್ತಕ, ಮೊಹರು ಸೇರಿ ಐನೂರು. ಅತಿಥಿಯ ಓಡಾಟಕ್ಕೆ ಮುನ್ನೂರು. ಉಳಿದದ್ದು ಮುಂದಿನ ಸೆಮಿಸ್ಟರಿಗೆ. ಇದಕ್ಕೆ ಎದುರಾಗಿ ಒಂದು ಉದ್ಘಾಟನೆಯ ಫ್ಲೆಕ್ಸ್, ಶಾಲು, ಹಣ್ಣುಹಂಪಲು, ಸ್ಮರಣಿಕೆ, ಊಟ ಲೆಕ್ಕ ಹಾಕಿ ನೋಡಿ. ವರ್ಷದ ಹಣ ಒಂದೇ ಬೆಳಗ್ಗೆ ಮುಗಿಯುತ್ತದೆ. ಉಡುಪಿಯ ಆ 1906ರ ಬ್ಯಾಂಕಿಗೆ ಮೊದಲ ದಿನ ಸಂಜೆ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಮೂರು ಸಾವಿರದಲ್ಲಿ ಸಂಘ ನಡೆಸಲು ಯಾರೂ ಹಿಂಜರಿಯಬೇಕಾಗಿಲ್ಲ.

ಆ ಹಣವನ್ನು ಖಜಾಂಚಿಯ ಸ್ವಂತ ಗೂಗಲ್ ಪೇಗೆ ಹಾಕಿಸಿಕೊಳ್ಳುವುದು ಇಂದಿನ ದೊಡ್ಡ ತಪ್ಪು. ಮನೆಯ ಹಣ, ಮೊಬೈಲ್ ರೀಚಾರ್ಜ್, ಸಂಘದ ಚಂದಾ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋಗುತ್ತದೆ. ಪ್ರಾಮಾಣಿಕ ಮಗುವೂ ಎರಡು ತಿಂಗಳ ನಂತರ ಲೆಕ್ಕ ಒಪ್ಪಿಸಲಾರದೆ ಸಂಕಟಪಡುತ್ತದೆ. ಕಾಲೇಜು ಕಚೇರಿಯ ಲೆಕ್ಕದಲ್ಲೇ ಸಂಘಕ್ಕೊಂದು ಶೀರ್ಷಿಕೆ ಮಾಡಿಸಿ, ಚಂದಾ ಅಲ್ಲಿ ಕಟ್ಟಿ ರಶೀದಿ ಪಡೆಯಿರಿ. ಬೇರೆ ಖಾತೆಯೇ ಬೇಕೆಂದಾದರೆ ಸಲಹೆಗಾರರು, ಖಜಾಂಚಿ ಇಬ್ಬರ ಸಹಿಯಿಂದ ಮಾತ್ರ ನಡೆಯಲಿ. ಬ್ಯಾಂಕಿನವರು ಸಭೆಯ ನಿರ್ಣಯದ ಪ್ರತಿ, ಪ್ರಾಂಶುಪಾಲರ ಪತ್ರ, ಸಹಿ ಹಾಕುವವರ ಕೆವೈಸಿ ಕೇಳುತ್ತಾರೆ. ಯಾವುದಾದರೂ ಸೊಸೈಟಿಯೋ ಫೈನಾನ್ಸ್ ಕಂಪೆನಿಯೋ ಐದು ಸಾವಿರ ಪ್ರಾಯೋಜಕತ್ವ ಕೊಡುತ್ತೇವೆ ಎಂದರೆ ನಯವಾಗಿ ಬೇಡ ಎನ್ನಿ. ಸಾಲ ಕೊಡುವವರ ಲೆಕ್ಕ ಓದಲು ಹೊರಟ ಸಂಘ ಸಾಲ ಕೊಡುವವರ ಹಣದಲ್ಲಿ ನಡೆಯಬಾರದು.

ಪ್ರಮಾಣಪತ್ರದ ವಿಷಯ ಎರಡೇ ಮಾತು. ಹಾಜರಾತಿಗೆ ಪ್ರಮಾಣಪತ್ರ ಎಂದು ಘೋಷಿಸಿದರೆ ನೂರಿಪ್ಪತ್ತು ಹೆಸರು ಬರುತ್ತದೆ, ಮೂರನೇ ಸಭೆಗೆ ಹದಿನಾಲ್ಕು ಮಂದಿ ಕೂತಿರುತ್ತಾರೆ. ನಾಲ್ಕು ಪುಟದ ಒಂದು ಟಿಪ್ಪಣಿ ತಾನೇ ತಯಾರಿಸಿ ಸಭೆಯ ಮುಂದೆ ಓದಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟವರಿಗೆ ಮಾತ್ರ ಕೊಡಿ.

ನಡಾವಳಿ ಪುಸ್ತಕ ಹೊಲಿದ ಬೈಂಡಿನದ್ದು, ಪುಟಸಂಖ್ಯೆ ಅಚ್ಚಾಗಿರುವುದು ಇರಲಿ. ದಿನ, ಗಂಟೆ, ಬಂದವರೆಷ್ಟು, ವಿಷಯ, ತೀರ್ಮಾನ, ಯಾರು ಯಾವ ದಿನದೊಳಗೆ ಮಾಡಬೇಕು ಎಂದು ಹತ್ತು ಹನ್ನೆರಡು ಸಾಲು, ಸಭೆ ಮುಗಿದ ಜಾಗದಲ್ಲೇ ಬರೆದು ಇಬ್ಬರ ಸಹಿ. ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ಅದು ಬರೆದಂತೆ ಅಲ್ಲ. ಸಂಘದ ಜಿ-ಮೇಲ್ ಖಾತೆಗೆ ಮರುಪ್ರಾಪ್ತಿ ಸಂಖ್ಯೆಯಾಗಿ ವಿದ್ಯಾರ್ಥಿಯ ಮೊಬೈಲ್ ಕೊಡಬೇಡಿ. ಅವರು ಸಿಮ್ ಬದಲಿಸಿದ ದಿನ ಮೂರು ವರ್ಷದ ಕಡತ ಕೈತಪ್ಪುತ್ತದೆ. ಸಲಹೆಗಾರರ ಸಂಖ್ಯೆ ಇರಲಿ. ವಾಟ್ಸ್‌ಆ್ಯಪ್ ಗುಂಪಿಗೆ ಇಬ್ಬರು ಅಡ್ಮಿನ್, ಅವರಲ್ಲಿ ಒಬ್ಬರು ಕಿರಿಯ ವರ್ಷದವರು.

ಹಸ್ತಾಂತರ ಮಾಡಬೇಕಾದದ್ದು ಫೆಬ್ರವರಿಯಲ್ಲಿ. ಮೇ ತಿಂಗಳ ಪರೀಕ್ಷೆ ಮುಗಿದ ಮೇಲೆ ಎಂದು ಮುಂದೂಡಿದರೆ ಹಸ್ತಾಂತರವೇ ಆಗುವುದಿಲ್ಲ, ಬೀಗದ ಕೈ ಯಾರದೋ ಬ್ಯಾಗಿನಲ್ಲಿ ಊರಿಗೆ ಹೋಗುತ್ತದೆ. ಫೆಬ್ರವರಿಯಲ್ಲಿ ಕಿರಿಯ ಜೊತೆಗಾರರು ಹುದ್ದೆಗೆ ಬರಲಿ, ಹಿರಿಯರು ಉಳಿದ ಎರಡು ಸಭೆಗೆ ಪಕ್ಕದಲ್ಲಿ ಕೂತು ನೋಡಲಿ. ಒಂದು ತಗಡಿನ ಪೆಟ್ಟಿಗೆ: ಅದರೊಳಗೆ ನಡಾವಳಿ ಪುಸ್ತಕ, ರಶೀದಿ ಪುಸ್ತಕ, ವೋಚರ್ ಕಡತ, ಮೊಹರು, ಸ್ವೀಕೃತಿ ಪ್ರತಿ, ವರದಿ ಪುಸ್ತಿಕೆಗಳು, ಅತಿಥಿಗಳ ವಿಳಾಸ ಪಟ್ಟಿ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಈ ಪಟ್ಟಿಯನ್ನು ಅಂಟಿಸಿ, ಕೊಟ್ಟವರು, ಪಡೆದವರು ಒಂದೊಂದಕ್ಕೂ ಗುರುತು ಹಾಕಿ ಸಹಿ ಮಾಡಲಿ. ಪೆಟ್ಟಿಗೆ ವಿಭಾಗದ ಕಪಾಟಿನಲ್ಲೇ ಇರಬೇಕು.

ಇನ್ನು ನಿಮ್ಮಲ್ಲಿ ಒಂದು ವಿನಂತಿ. ಉದ್ಘಾಟನೆ ಬೇಕೇ ಬೇಕೆಂದರೆ ಮಕ್ಕಳು ಅದನ್ನು ಆರನೇ ಸಭೆಯ ದಿನ ಇಟ್ಟುಕೊಳ್ಳಲಿ. ನೀವೂ ಆ ಆರನೇ ಸಭೆಯ ಸುದ್ದಿಗೆ ಸ್ಥಳೀಯ ಪುಟದಲ್ಲಿ ಒಂದು ಕಾಲಂ ಜಾಗ ಕೊಡಿ. ವೇದಿಕೆಯ ಚಿತ್ರ ಬೇಡ. ಆ ದಿನ ಬೋರ್ಡಿನ ಮೇಲೆ ಮಕ್ಕಳು ಮಾಡಿದ ಲೆಕ್ಕದ ಚಿತ್ರ ಹಾಕಿ, ಓದುಗರಿಗೂ ಓದಲು ಆಗುವಷ್ಟು ದೊಡ್ಡದಾಗಿ.

ಇಂತಿ,
ವಾಣಿಜ್ಯ ವಿಭಾಗದ ಕೆಲವು ಅಧ್ಯಾಪಕರು
ಉಡುಪಿ